ಗುಡುಗಿನ ಜಾಗಕ್ಕೆ ಹೊಸಬ

ಗುರುವಾರ ಸಂಜೆ ಆರೂಕಾಲಿಗೆ ಗುಡುಗು ತನ್ನ ಜಾಗಕ್ಕೆ ತಾನೇ ಅಭ್ಯರ್ಥಿಯಾಗಿ ಹೋಗಿ ಕುಳಿತ. ಅರವತ್ತೆಂಟು ವರ್ಷದ ನಿವೃತ್ತ ಲಿಫ್ಟ್ ಮೆಕ್ಯಾನಿಕ್ ಅವನು; ಗುಡುಗು ಎಂಬುದು ಬ್ಯಾಂಡಿನವರು ಇಟ್ಟ ಅಡ್ಡಹೆಸರು. ಹರೆಯದಿಂದ ತಾನೇ ಕೂತು ಡ್ರಮ್ಸ್ ಬಾರಿಸಿದ ಸ್ಟೂಲಿನ ಮೇಲೆ ಈಗ ಹೊಸಬನ ಹಾಗೆ ಕೂತು ಪರೀಕ್ಷೆ ಕೊಡಲು ಹೊರಟಿದ್ದ. ಪರೀಕ್ಷೆಯಲ್ಲಿ ಫೇಲಾಗುವುದೇ ಅವನ ಉದ್ದೇಶವಾಗಿತ್ತು.

ಇದಕ್ಕೆಲ್ಲ ಮೂಲ ಒಂದು ಮಾತು. ಎರಡು ತಿಂಗಳ ಹಿಂದಿನ ಕಾರ್ಯಕ್ರಮದಲ್ಲಿ, ಮೂರನೆಯ ಹಾಡಿನ ನಡುವೆ, ಗುಡುಗಿನ ಎಡಗೈ ಕೈಕೊಟ್ಟಿತು. ತಾಳ ಅರ್ಧ ಸುತ್ತು ಹಿಂದೆ ಬಿತ್ತು. ಉಳಿದ ಮೂವರು ಏನೂ ಆಗದವರಂತೆ ಕಾದು, ಅವನನ್ನು ಜೊತೆಗೆ ಸೇರಿಸಿಕೊಂಡು ಮುಂದುವರಿದರು. ಸಭಿಕರಿಗೆ ಗೊತ್ತಾಗಲಿಲ್ಲ ಎಂದೇ ಅವನು ಅಂದುಕೊಂಡಿದ್ದ. ವೇದಿಕೆ ಇಳಿಯುವಾಗ ಐವತ್ತರ ಆಸುಪಾಸಿನ ಒಬ್ಬ ಹೆಂಗಸು ಬಂದು ಅವನ ಕೈ ಹಿಡಿದುಕೊಂಡಳು. ಹುಡುಗಿಯಾಗಿದ್ದಾಗ ಇವರ ಹಾಡಿಗೆ ಕುಣಿದವಳಂತೆ. "ಪಾಪ, ಈ ವಯಸ್ಸಲ್ಲೂ ಎಷ್ಟು ಕಷ್ಟಪಟ್ಟು ಬಾರಿಸ್ತೀರಿ," ಎಂದಳು.

ಗುಡುಗು ಬೈಗುಳಕ್ಕೆ ಹೆದರುವ ಆಳಲ್ಲ. ಹರೆಯದಲ್ಲಿ ಜನ ಅವನ ಕಡೆಗೆ ಬಾಟಲಿ ಎಸೆದಿದ್ದರು. ಒಂದು ತುಂಬಿದ ಬಾಟಲಿಯೂ ಇತ್ತು. ಅದನ್ನು ಅವನು ಈಗಲೂ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಾನೆ. ಆದರೆ ಈ 'ಪಾಪ' ಅವನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು. ಇನ್ನೊಮ್ಮೆ ಆ ಮಾತು ಕೇಳುವ ಮೊದಲು ಮನೆ ಸೇರಬೇಕೆಂದು ಅವತ್ತೇ ನಿಶ್ಚಯಿಸಿದ.

ಆದರೆ ಈ ಬ್ಯಾಂಡು ಬಿಡುವುದು ಸರ್ಕಾರಿ ಕೆಲಸ ಬಿಡುವುದಕ್ಕಿಂತ ಕಷ್ಟ. ಅದಕ್ಕೊಂದು ನಿಯಮವಿತ್ತು. ಬಿಡುವವನು ತನ್ನ ಬದಲಿಯನ್ನು ತಾನೇ ಹುಡುಕಿ ತರಬೇಕು. ಉಳಿದ ಮೂವರೂ ಒಪ್ಪಬೇಕು. ಒಪ್ಪಿದ ಗಳಿಗೆಗೆ ಹಳಬ ಸ್ವತಂತ್ರ, ಹೊಸಬ ಒಂದು ವರ್ಷ ಕದಲುವಂತಿಲ್ಲ. ಬ್ಯಾಂಡಿನ ಮೊದಲ ಬೇಸ್ ಗಿಟಾರಿನವನು ಒಂದು ಊರಿನಲ್ಲಿ ಕಾರ್ಯಕ್ರಮದ ಮಧ್ಯದಲ್ಲೇ ಹುಡುಗಿಯೊಬ್ಬಳ ಹಿಂದೆ ಹೊರಟುಹೋದ ಮೇಲೆ ಮಾಡಿಕೊಂಡ ನಿಯಮ ಇದು.

ಪರೀಕ್ಷೆ ನಡೆಯುವ ರೀತಿಯೂ ಲೋಕದಲ್ಲಿಲ್ಲದ್ದು. ಅಭ್ಯರ್ಥಿ ಹಿಂಬಾಗಿಲಿನಿಂದ ಬರುವ ಮೊದಲೇ ಮೂವರೂ ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಅಭ್ಯರ್ಥಿ ಹೆಸರು ಹೇಳಬಾರದು, ಬಾಯಿ ಬಿಡಬಾರದು. ಇವರು ಗೋಡೆ ನೋಡುತ್ತ ನುಡಿಸುತ್ತಾರೆ, ಅವನು ಬೆನ್ನ ಹಿಂದೆ ಬಾರಿಸುತ್ತಾನೆ. ತೀರ್ಪು ಹೇಳುವವರೆಗೆ ಯಾರೂ ತಿರುಗುವಂತಿಲ್ಲ. ಹಿಂದೊಮ್ಮೆ ಒಬ್ಬನನ್ನು ಅವನ ಭುಜದವರೆಗಿನ ಕೂದಲು ನೋಡಿಯೇ ಸೇರಿಸಿಕೊಂಡು, ಅವನಲ್ಲಿ ಕೂದಲು ಬಿಟ್ಟು ಬೇರೇನೂ ಇಲ್ಲವೆಂದು ಗೊತ್ತಾದ ಮೇಲೆ ಬಂದ ಪದ್ಧತಿ.

ಗೋಡೆ ಎಂದರೆ ಗೋಡೆಯಲ್ಲ, ಹಾಸಿಗೆ. ಗಿಟಾರ್ ನುಡಿಸುವವನಿಗೆ ಹಾಸಿಗೆ ಅಂಗಡಿಯಿದೆ. ಎಲ್ಲರೂ ಅವನನ್ನು ಸಾಹುಕಾರ ಎನ್ನುತ್ತಾರೆ. ಅಂಗಡಿಯ ಹಿಂದಿನ ಗೋದಾಮಿನಲ್ಲಿ ಇವರ ಅಭ್ಯಾಸ. ಮಾರಾಟವಾಗದ ಹಾಸಿಗೆಗಳನ್ನು ನಾಲ್ಕೂ ಕಡೆ ನೆಟ್ಟಗೆ ನಿಲ್ಲಿಸಿರುವುದರಿಂದ ಸದ್ದು ಹೊರಗೆ ಹೋಗುವುದಿಲ್ಲ, ಗಾಳಿ ಒಳಗೆ ಬರುವುದಿಲ್ಲ. ಹಾಡುಗಾರನನ್ನು ಸೈರನ್ ಎಂದು ಕರೆಯುತ್ತಾರೆ. ಡ್ರೈವಿಂಗ್ ಶಾಲೆ ನಡೆಸುತ್ತಾನೆ; ಅಲ್ಲಿ ಕಲಿಯುವವರೂ ಅವನನ್ನು ಹಿಂದಿನಿಂದ ಹಾಗೆಯೇ ಕರೆಯುತ್ತಾರೆ, ಬೇರೆ ಕಾರಣಕ್ಕೆ. ಈಗ ಬೇಸ್ ಗಿಟಾರ್ ನುಡಿಸುವವನು ಗುಡುಗಿನ ಹೆಂಡತಿಯ ತಮ್ಮ. ಔಷಧದ ಅಂಗಡಿ ಇಟ್ಟಿದ್ದಾನೆ. ನೋವಿನ ಮುಲಾಮು ತಂದುಕೊಡುವುದು ಅವನ ಹೆಚ್ಚುವರಿ ಜವಾಬ್ದಾರಿ.

ಗುಡುಗು ಒಬ್ಬರಾದ ಮೇಲೆ ಒಬ್ಬರನ್ನು ಕರೆತಂದ. ಜಿಮ್ಮಿನಲ್ಲಿ ಕಸರತ್ತು ಕಲಿಸುವ ತರುಣ ಬಂದ. ಸೈರನ್ ಹಾಸಿಗೆ ನೋಡುತ್ತಲೇ, "ಇವನು ಡ್ರಮ್ಸ್ ಬಾರಿಸ್ತಿಲ್ಲ, ಕಟ್ಟಡ ಕೆಡವ್ತಿದ್ದಾನೆ," ಎಂದ. ಶಾಲೆಯ ಸಂಗೀತದ ಮೇಷ್ಟ್ರು ಬಂದರು. "ಹಾಜರಿ ಕೂಗಿದ ಹಾಗಿದೆ," ಎಂದ. ಕಾಲೇಜಿನ ಹುಡುಗಿಯೊಬ್ಬಳು ಬಂದಳು. ಅವಳು ಬಾರಿಸಿದ್ದಕ್ಕೆ ತಪ್ಪು ಹುಡುಕಲು ಯಾರಿಂದಲೂ ಆಗಲಿಲ್ಲ. ಸೈರನ್, "ಚೆನ್ನಾಗಿದೆ. ಆದ್ರೆ ನಮ್ಮ ಗುಡುಗು ಅಲ್ಲ," ಎಂದ.

ಹುಡುಗಿ ನಿಯಮ ಮುರಿದು ಬಾಯಿಬಿಟ್ಟಳು. "ಅಜ್ಜಾ, ನಿಮಗೆ ಅವರೇ ಬೇಕಿದ್ರೆ ನನ್ನನ್ನ ಯಾಕೆ ಬಸ್ ಹತ್ತಿಸಿದ್ರಿ?"

ಅಜ್ಜ ಎಂದದ್ದಕ್ಕೆ ಸೈರನ್ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ ಎಂದು ಅವನ ಹೆಂಡತಿ ಆಮೇಲೆ ಹೇಳಿದಳು.

ಶನಿವಾರ ಮತ್ತೊಂದು ಕಾರ್ಯಕ್ರಮವಿತ್ತು. ಬುಧವಾರ ಸಂಜೆ ಗುಡುಗು ಅಂಗಿ ತೆಗೆದು ಕುರ್ಚಿಯಲ್ಲಿ ಕೂತಿದ್ದ. ಹೆಂಡತಿ ಭುಜಕ್ಕೆ ಮುಲಾಮು ತಿಕ್ಕುತ್ತಿದ್ದಳು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ರೋಗಿಗೆ ನೋವಾಗುತ್ತದೆಂಬ ಕಾರಣಕ್ಕೆ ಕೈ ಹಗುರ ಮಾಡುವ ಅಭ್ಯಾಸ ಅವಳಿಗಿಲ್ಲ.

"ಅಯ್ಯೋ, ಮೆಲ್ಲಗೆ ಕಣೇ!"

"ಡ್ರಮ್ಸಿಗೆ ಹೀಗೆ ಹೇಳಿದ್ರೆ ಕೇಳುತ್ತಾ? ಸುಮ್ನೆ ಕೂತ್ಕೊಳ್ಳಿ." ಅವಳು ಇನ್ನಷ್ಟು ಒತ್ತಿದಳು. "ನಾಳೆ ಯಾರನ್ನ ಕರ್ಕೊಂಡು ಹೋಗ್ತೀರಿ?"

"ಯಾರೂ ಸಿಕ್ಕಿಲ್ಲ. ಯಾರು ಬಂದ್ರೂ ಸೈರನ್ ಬೇಡ ಅಂತಾನೆ."

"ಅವನಿಗೆ ಬೇಕಾಗಿರೋದು ಡ್ರಮ್ಸ್ ಬಾರಿಸೋರಲ್ಲ ರೀ, ನೀವು. ಇಷ್ಟೂ ಅರ್ಥ ಆಗಲ್ವಾ? ನಾಳೆ ನೀವೇ ಹೋಗಿ ಕೂತ್ಕೊಂಡು ಬಾರಿಸಿ ನೋಡಿ, ಆಗ್ಲೂ 'ನಮ್ಮ ಗುಡುಗು ಅಲ್ಲ' ಅಂತಾನೆ."

ಗುಡುಗು ನಕ್ಕ. ಆಮೇಲೆ ನಗು ನಿಲ್ಲಿಸಿದ. ಕುರ್ಚಿಯಲ್ಲೇ ಪೂರ್ತಿ ತಿರುಗಿ ಹೆಂಡತಿಯ ಮುಖ ನೋಡಿದ.

"ಬೇಡ," ಎಂದಳು ಅವಳು. "ನಾನು ತಮಾಷೆಗೆ ಅಂದಿದ್ದು."

"ಬೇಡ ಅಂತಾನಲ್ಲ, ಆ ಮಾತು ಅವನ ಬಾಯಿಂದ ಬಿದ್ದ ತಕ್ಷಣ ತಿರುಗಿಸಿ ನಿಲ್ಲಿಸ್ತೀನಿ. 'ನೋಡೋ, ನಾನೇ. ನಾನೇ ಗುಡುಗು ಅಲ್ಲ ಅಂತ ನೀನೇ ಹೇಳ್ದೆ. ಇನ್ನು ಬಿಡು' ಅಂತೀನಿ. ಎದುರು ಮಾತಾಡೋಕೆ ಅವನಿಗೆ ಬಾಯಿ ಎಲ್ಲಿರುತ್ತೆ?"

"ಅರವತ್ತೆಂಟಕ್ಕಾದ್ರೂ ಬುದ್ಧಿ ಬರುತ್ತೆ ಅಂತ ಕಾದಿದ್ದೆ," ಎಂದು ಅವಳು ಮುಲಾಮಿನ ಮುಚ್ಚಳ ತಿರುಗಿಸಿದಳು. "ಎಪ್ಪತ್ತರವರೆಗೆ ನೋಡ್ತೀನಿ."

ಹೀಗಾಗಿ ಗುರುವಾರ ಗುಡುಗು ಸದ್ದು ಮಾಡದ ರಬ್ಬರ್ ಅಡಿಯ ಶೂ ಹಾಕಿಕೊಂಡು ಗೋದಾಮಿಗೆ ಬಂದ. ಇಬ್ಬರು ಗಿಟಾರ್ ತಗುಲಿಸಿಕೊಂಡು, ಸೈರನ್ ಮೈಕು ಹಿಡಿದುಕೊಂಡು ನಿಂತಿದ್ದರು.

"ಬಂದಿದ್ದಾನೆ. ತಿರುಗಿ," ಎಂದ.

"ಹುಡುಗ ಯಾವ ಕಡೆಯವನು ಭಾವ?" ಭಾಮೈದ ಕೇಳಿದ.

"ಮಾತಿಲ್ಲ. ನಿಯಮ ಅಂದ್ರೆ ನಿಯಮ."

ಮೂವರೂ ಹಾಸಿಗೆಗಳ ಕಡೆ ತಿರುಗಿದರು. ಸೈರನ್ನಿನ ಮೂಗು ಎದುರಿನ ಡಬಲ್ ಹಾಸಿಗೆಯ ಪ್ಲಾಸ್ಟಿಕ್ ಹೊದಿಕೆಗೆ ಇನ್ನೇನು ತಗಲುವಂತಿತ್ತು. ಪರೀಕ್ಷೆ ನಡೆಯುವಾಗ ಗುಡುಗು ಹೊರಗೆ ಹೋಗಿ ಎದುರಿನ ಅಂಗಡಿಯಲ್ಲಿ ಚಹಾ ಕುಡಿಯುವುದು ವಾಡಿಕೆ. ಅವನು ಹಿಂಬಾಗಿಲು ತೆಗೆದ, ಶೂ ನೆಲಕ್ಕೆ ತಟ್ಟಿ ಹೊರಗೆ ಹೋದಂತೆ ಮಾಡಿದ, ಬಾಗಿಲು ಮುಚ್ಚಿದ, ಬೆಕ್ಕಿನಂತೆ ಬಂದು ಸ್ಟೂಲಿನ ಮೇಲೆ ಕೂತ. ಹೊಸಬ ಸ್ಟೂಲಿನ ಎತ್ತರ ಸರಿಮಾಡಿಕೊಳ್ಳದೆ ಇರುತ್ತಾನೆಯೇ? ಎರಡು ಸುತ್ತು ತಿರುಗಿಸಿ ತಗ್ಗಿಸಿದ. ಅದು ಕಿರ್ರೆಂದಿತು. ಸೈರನ್ ಸಾಹುಕಾರನ ಕಡೆ ಓರೆಗಣ್ಣು ಹಾಯಿಸಿ, ಈ ಹುಡುಗನನ್ನು ಬೇಗ ಸಾಗಹಾಕೋಣ ಎಂಬಂತೆ ತಲೆಯಾಡಿಸಿದ.

"ಒಂದು ಎರಡು ಮೂರು!"

ಆ ಎಣಿಕೆ ಕೇಳಿ ಗುಡುಗು ಗಡಬಡಿಸಿ ಕೋಲುಗಳನ್ನು ಎತ್ತಿದ. ಅಷ್ಟು ಚುರುಕಾಗಿ ಸೈರನ್ ಎಣಿಸಿದ್ದನ್ನು ಅವನು ಕೇಳಿ ಎಷ್ಟೋ ವರ್ಷವಾಗಿತ್ತು. ಚೆನ್ನಾಗಿಯೂ ಬಾರಿಸಬಾರದು, ತೀರಾ ಕೆಟ್ಟದಾಗಿಯೂ ಬಾರಿಸಬಾರದು, ಸಾಧಾರಣವಾಗಿ ಬಾರಿಸಬೇಕು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡು ಬಂದಿದ್ದ. ಆ ಲೆಕ್ಕಕ್ಕೆ ಸಮಯವೇ ಸಿಗಲಿಲ್ಲ. ಹಾಡು ಹೊರಟುಬಿಟ್ಟಿತ್ತು. ಇಳಿಜಾರಿನಲ್ಲಿ ಬ್ರೇಕ್ ಬಿಟ್ಟ ಸೈಕಲ್ಲಿನಂತೆ ಅವನ ಕೈಗಳೂ ಅದರ ಜೊತೆ ಹೊರಟವು. ನಿಧಾನದ ತಾಳದಲ್ಲಿ ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ ಅಂತರ ಹೆಚ್ಚು. ಅಲ್ಲಿ ಭುಜ ಕೋಲನ್ನು ಎತ್ತಿ ಹಿಡಿದು ಕಾಯಬೇಕು, ಕಾಯುವಾಗಲೇ ನೋಯುವುದು. ಈಗ ಕಾಯುವ ಪ್ರಮೇಯವೇ ಇರಲಿಲ್ಲ. ಕೋಲು ತಾನೇ ಪುಟಿದು ಮೇಲೆ ಬರುತ್ತಿತ್ತು. ಫೇಲಾಗಲು ಬಂದವನು ಅದನ್ನು ಎರಡನೆಯ ಚರಣದ ಹೊತ್ತಿಗೆ ಪೂರ್ತಿ ಮರೆತಿದ್ದ.

ಹಾಡು ಮುಗಿಯಿತು. ಸಿಂಬಲ್‌ನ ಕಂಪನ ನಿಂತಿತು.

"ಯಾರಪ್ಪಾ ನೀನು?" ಸೈರನ್ ಹಾಸಿಗೆಯನ್ನು ಕೇಳಿದ. ನಿಯಮದಂತೆ ಉತ್ತರ ಬರಲಿಲ್ಲ. "ಸಾಹುಕಾರ, ಕೇಳಿದ್ಯಾ?"

"ಕೇಳ್ದೆ."

"ಎಡಗೈ?"

"ಹ್ಞೂಂ. ಎಡಗೈ."

"ನಮ್ಮ ಗುಡುಗಿನ ಎಡಗೈ ಹೀಗೆ ಬಿದ್ದು ಎಷ್ಟು ಕಾಲ ಆಯ್ತೋ!" ಸೈರನ್ ನಿಟ್ಟುಸಿರಿಟ್ಟ. "ನಂಗೆ ಒಪ್ಪಿಗೆ. ನಿಮ್ಮದೇನು?"

"ಒಪ್ಪಿಗೆ," ಎಂದ ಸಾಹುಕಾರ.

"ನನಗೂ ಒಪ್ಪಿಗೆನೇ," ಎಂದ ಭಾಮೈದ. "ಆದ್ರೆ ಭಾವನ್ನ ನೆನೆಸ್ಕೊಂಡ್ರೆ ಹೊಟ್ಟೆ ಚುರುಕ್ ಅನ್ನುತ್ತೆ."

"ಮೆಲ್ಲಗೆ ಮಾತಾಡೋ, ಹೊರಗಿದ್ದಾನೆ." ಸೈರನ್ ದನಿ ತಗ್ಗಿಸಿದ. ಅವನ ತಗ್ಗಿದ ದನಿ ಬೀದಿಯ ಆಚೆಗೂ ಕೇಳಿಸುತ್ತದೆ. "ನೋಡಪ್ಪಾ ಹುಡುಗಾ, ನಿನ್ನ ಹತ್ರ ಮುಚ್ಚುಮರೆ ಬೇಡ. ನಮ್ಮ ಹಳಬ ದೊಡ್ಡ ಆಳು. ಆದ್ರೆ ಈಚೆಗೆ ಅವನು ಗುಡುಗಲ್ಲ, ಮೋಡ ಸರಿಸ್ತಾನೆ ಅಷ್ಟೆ. ನಾವು ಐದಾರು ವರ್ಷದಿಂದ ಅವನ ಕೈಗೋಸ್ಕರ ಎಲ್ಲಾ ಹಾಡೂ ನಿಧಾನ ಮಾಡ್ಕೊಂಡು ಬಂದಿದ್ದೀವಿ. ಅವನಿಗೆ ಗೊತ್ತಿಲ್ಲ. ನೀನು ಹೇಳ್ಬೇಡ."

"ನನ್ನ ಕೈಗೋಸ್ಕರಾನಾ?"

ಮೂವರೂ ಒಟ್ಟಿಗೆ ತಿರುಗಿದರು. ಗುಡುಗು ಸ್ಟೂಲಿನಿಂದ ಎದ್ದು ನಿಂತಿದ್ದ. ಮುಖ ಕೆಂಡವಾಗಿತ್ತು. ಕೈಯಲ್ಲಿ ಎರಡೂ ಕೋಲುಗಳು ಇನ್ನೂ ಇದ್ದವು, ಮತ್ತು ಅವು ಈಗ ವಾದ್ಯದ ಭಾಗದಂತೆ ಕಾಣುತ್ತಿರಲಿಲ್ಲ.

"ಲೇ ಸೈರನ್! ನಿಧಾನ ಮಾಡಿದ್ದು ನಾನು ಕಣೋ! ನಿನ್ನ ಉಸಿರಿಗೋಸ್ಕರ! ಎತ್ತರದ ಸಾಲಿಗೆ ಬಂದಾಗ ನೀನು ಕಟ್ಟಕಡೆಯ ಬಸ್ಸಿಗೆ ಓಡೋನ ಹಾಗೆ ಏದುಸಿರು ಬಿಡ್ತಿದ್ದೆ. ಪಾಪ ಅಂತ ತಾಳ ಎಳೆದೆ!"

"ಯಾರೋ ಪಾಪ? ನಾನು ಪಾಪನಾ?" ಸೈರನ್ ಮೈಕನ್ನು ಹಾಸಿಗೆಯ ಮೇಲೆ ಎಸೆದ. ಅದು ಪುಟಿದು ವಾಪಸು ಬಂತು. "ನಿನ್ನ ಮುಖ ನೋಡಿ ನಾನು ಒಂದೊಂದು ಸಾಲೂ ಎಳೆದೆಳೆದು ಹಾಡಿದ್ದು!"

ಸಾಹುಕಾರ ಕೆಮ್ಮಿದ. ದಿನಕ್ಕೆ ಹತ್ತು ಮಾತಾಡುವ ಮನುಷ್ಯ ಅವನು. "ನಾನು ನಿಮ್ಮಿಬ್ಬರಿಗೋಸ್ಕರಾನೂ ನಿಧಾನ ಮಾಡ್ತಿದ್ದೆ," ಎಂದ.

ಎಲ್ಲರೂ ಭಾಮೈದನ ಕಡೆ ನೋಡಿದರು.

"ನನ್ನನ್ಯಾಕೆ ನೋಡ್ತೀರಿ? ನಾನು ಯಾರಿಗೋಸ್ಕರಾನೂ ಮಾಡಿಲ್ಲ," ಎಂದ ಅವನು. "ನಂಗೆ ಬೆರಳು ನೋವು."

ವಿಷಯ ಇಷ್ಟು. ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟುಕೊಂಡು, ಒಬ್ಬರ ಕಷ್ಟವನ್ನು ಇನ್ನೊಬ್ಬರು ಮುಚ್ಚಿ, ಯಾರೂ ಬಾಯಿಬಿಡದೆ, ಇವರು ನಾಲ್ಕು ನಿಮಿಷದ ಹಾಡನ್ನು ಹೆಚ್ಚುಕಡಿಮೆ ಆರು ನಿಮಿಷಕ್ಕೆ ತಂದು ನಿಲ್ಲಿಸಿದ್ದರು. ವಯಸ್ಸು ಮಾಡಿದ್ದು ಸ್ವಲ್ಪ, ಸೌಜನ್ಯ ಮಾಡಿದ್ದು ಬಹಳ. ಸಾಹುಕಾರ ತನ್ನ ಮೊಬೈಲಿನಲ್ಲಿ ಹಿಂದಿನ ಕಾರ್ಯಕ್ರಮದ ರೆಕಾರ್ಡಿಂಗ್ ಹಾಕಿದ. ಅರ್ಧ ಚರಣ ಕೇಳುವಷ್ಟರಲ್ಲಿ ಸೈರನ್, "ಆರಿಸೋ ಅದನ್ನ, ಲಾಲಿ ಹಾಡಿದ ಹಾಗಿದೆ," ಎಂದ.

ಭಾಮೈದ ಮೊದಲು ನಕ್ಕ. ಆಮೇಲೆ ಸಾಹುಕಾರ. ಕೊನೆಗೆ ಸೈರನ್ ಹಾಸಿಗೆಗೆ ಒರಗಿ ಹೊಟ್ಟೆ ಹಿಡಿದುಕೊಂಡು ನಕ್ಕ. ಗುಡುಗು ನಗಲಿಲ್ಲ.

"ಆಯ್ತು. ನನ್ನನ್ನ ಬಿಡಿ," ಎಂದ.

"ಯಾರನ್ನ ಬಿಡೋದು?" ಸೈರನ್ ಕಣ್ಣೊರೆಸಿಕೊಂಡ. "ಗುಡುಗು ಆಗ್ಲೇ ಸ್ವತಂತ್ರ. ಮೂರು ಜನಾನೂ ಬದಲಿಯನ್ನ ಒಪ್ಪಿದ್ವಲ್ಲ. ಒಳ್ಳೆ ಮನುಷ್ಯ, ಎಲ್ಲಿದ್ರೂ ಚೆನ್ನಾಗಿರ್ಲಿ. ನೀನು ಹೊಸಬ. ಒಂದು ವರ್ಷ ಕದಲೋ ಹಾಗಿಲ್ಲ. ಶನಿವಾರ ಐದಕ್ಕೆ ಬಂದ್ಬಿಡು."

"ಆಟ ಆಡ್ತಿದ್ದೀಯಾ?"

"ಆಟ ಶುರು ಮಾಡಿದ್ದು ಯಾರು? ನಾನು ಗೋಡೆ ನೋಡ್ಕೊಂಡು ನಿಂತಿದ್ದವನು."

ಭಾಮೈದ ನಡುವೆ ಬಾಯಿ ಹಾಕಿದ. "ಭಾವ, ನಿಯಮದ ಪ್ರಕಾರ ಅವರು ಹೇಳೋದು ಸರಿ. ಈಗ ಬ್ಯಾಂಡಿನಲ್ಲಿ ನಿಮಗಿಂತ ನಾನು ಸೀನಿಯರ್. ಚಹಾ ತರೋದು ಹೊಸಬರ ಕೆಲಸ."

ಗುಡುಗು ಪೇಚಿಗೆ ಸಿಕ್ಕಿದ್ದ. ಬಿಟ್ಟುಹೋಗಲು ಹೂಡಿದ ಉಪಾಯವೇ ಅವನನ್ನು ಇನ್ನೊಂದು ವರ್ಷಕ್ಕೆ ಕಟ್ಟಿಹಾಕಿತ್ತು. ಅವನು ಸ್ಟೂಲಿನ ಮೇಲೆ ಕೂತು ಕೋಲುಗಳನ್ನು ಮಡಿಲಲ್ಲಿಟ್ಟುಕೊಂಡ. ಆ ಹೆಂಗಸಿನ ವಿಷಯವನ್ನು ಅಲ್ಲಿಯವರೆಗೆ ಹೆಂಡತಿಗೆ ಬಿಟ್ಟು ಬೇರೆ ಯಾರಿಗೂ ಹೇಳಿರಲಿಲ್ಲ. ಈಗ ಹೇಳಿದ. "ಕೆಟ್ಟದಾಗಿ ಬಾರಿಸ್ತೀಯ ಅಂದಿದ್ರೆ ನಕ್ಕೊಂಡು ಮನೆಗೆ ಹೋಗ್ತಿದ್ದೆ. ಪಾಪ ಅಂದ್ಲು ಕಣೋ. ಅದನ್ನ ಇನ್ನೊಂದು ಸಲ ಕೇಳೋಕೆ ನನ್ನಿಂದಾಗಲ್ಲ."

ಸಾಹುಕಾರ ಗಿಟಾರ್ ಕಳಚಿ ಕೆಳಗಿಟ್ಟ.

"ಹಸಿರು ಸ್ವೆಟರ್ ಹಾಕಿದ್ಲಾ?" ಸೈರನ್ ಕೇಳಿದ.

"ಹ್ಞೂಂ. ಯಾಕೆ?"

"ನಂಗೂ ಅಂದ್ಲು. ನಿಂಗೆ ಹೇಳಿ ಮುಗಿಸಿ ನೇರ ನನ್ನ ಹತ್ರಾನೇ ಬಂದ್ಲು." ಸೈರನ್ ನೆಲದಿಂದ ಮೈಕು ಎತ್ತಿಕೊಂಡು ಅದರ ಧೂಳು ಒರೆಸಿದ. "ನೀನು ಹೊರಟುಹೋದ್ರೆ ಆ ಪಾಪ ಪೂರ್ತಿ ನನ್ನ ಪಾಲಿಗೇ ಬೀಳುತ್ತೆ. ಇಪ್ಪತ್ತು ವರ್ಷದ ಹುಡುಗಿ ಹಿಂದೆ ಕೂತು ಬಾರಿಸ್ತಿದ್ರೆ ಮುಂದೆ ನಾನು ಹೇಗೆ ಕಾಣ್ತೀನಿ ಹೇಳು? ಅದಕ್ಕೇ ಎಲ್ಲರನ್ನೂ ಬೇಡ ಅಂದೆ. ಆ ಹುಡುಗಿ ಚೆನ್ನಾಗೇ ಬಾರಿಸಿದ್ಲು."

"ಹಾಗಾದ್ರೆ ಇವತ್ತು ಯಾಕೆ ಒಪ್ಪಿದೆ?"

"ಏನ್ ಮಾಡ್ಲಿ? ಹಾಡ್ತಾ ಹಾಡ್ತಾ ಮರೆತೇಹೋಯ್ತು."

ಗುಡುಗು ಕೋಲುಗಳನ್ನು ಮಡಿಲಿನಿಂದ ಎತ್ತಿಕೊಂಡ. ಆಮೇಲೆ ಷರತ್ತು ಹಾಕಿದ. "ಬರ್ತೀನಿ. ಆದ್ರೆ ಇನ್ಮೇಲೆ ಯಾರೂ ಯಾರಿಗೂ ಕಾಯಬಾರದು. ನಂದು ತಪ್ಪಿದ್ರೆ ತಪ್ಪಿತು, ಮುಚ್ಚಬಾರದು. ನಿನ್ನ ಉಸಿರು ನಿಂತ್ರೆ ನಿಂತಿತು, ನಾನು ತಾಳ ಎಳೆಯಲ್ಲ. ಕೈ ಆಗಲ್ಲ ಅಂತ ನಾನು ಅಂದ ತಕ್ಷಣ ಕಾರ್ಯಕ್ರಮ ಮುಗೀಬೇಕು. ಇನ್ನೊಂದು ಹಾಡು ಅಂತ ಗೋಗರೆಯಬಾರದು."

"ಹೊಸಬನಿಗೆ ಎಷ್ಟು ಜೋರು ನೋಡು," ಎಂದ ಸೈರನ್. ಆದರೆ ಒಪ್ಪಿದ.

ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ಕೇಳಿದಳು. "ಏನಾಯ್ತು?"

"ಪಾಸಾದೆ."

ಅವಳು ಬಾಗಿಲು ಹಿಡಿದುಕೊಂಡು ನಿಂತಳು. ಹಿಡಿದುಕೊಂಡೂ ನಿಲ್ಲಲಾಗದೆ ಒಳಗೆ ಹೋಗಿ ಮಂಚದ ಮೇಲೆ ಕೂತಳು. ನಕ್ಕು ನಕ್ಕು ಅವಳಿಗೆ ಬಿಕ್ಕಳಿಕೆ ಬಂದು, ಗುಡುಗೇ ನೀರು ತಂದುಕೊಡಬೇಕಾಯಿತು.

ಶನಿವಾರ ಸಭಾಂಗಣ ಮುಕ್ಕಾಲು ತುಂಬಿತ್ತು. ಸೈರನ್ ಮೈಕಿನ ಮುಂದೆ ಬಂದು, "ನಮ್ಮ ಹಳೇ ಡ್ರಮ್ಸಿನವನು ಗುರುವಾರ ನಿವೃತ್ತನಾದ. ಇವತ್ತು ಹೊಸಬ ಬಂದಿದ್ದಾನೆ, ಸ್ವಲ್ಪ ಸಂಕೋಚದವನು," ಎಂದು ಗುಡುಗಿನ ಕಡೆ ಕೈ ತೋರಿಸಿದ. ಜನ ಗೊಳ್ಳೆಂದು ನಕ್ಕರು. ನಗು ಮುಗಿಯುವ ಮೊದಲೇ ಗುಡುಗು ಶುರು ಮಾಡಿದ.

ಯಾರೂ ಯಾರಿಗೂ ಕಾಯಲಿಲ್ಲ. ನಾಲ್ಕನೆಯ ಹಾಡಿನಲ್ಲಿ ಸೈರನ್ನಿಗೆ ಉಸಿರು ಸಾಲದೆ ಒಂದು ಸಾಲು ಪೂರ್ತಿ ನುಂಗಿಹೋಯಿತು. ಗುಡುಗು ತಾಳ ಎಳೆಯಲಿಲ್ಲ. ಸೈರನ್ ಹಿಂದಕ್ಕೆ ತಿರುಗಿ ಸುಡುವಂತೆ ನೋಡಿ, ಮುಂದಿನ ಸಾಲನ್ನು ಚಲಿಸುವ ಬಸ್ಸಿಗೆ ಹಾರಿದಂತೆ ಹಾರಿ ಹಿಡಿದ. ನುಂಗಿದ ಸಾಲನ್ನು ಜನ ತಾವೇ ಹಾಡಿದರು. ಆರನೆಯದರಲ್ಲಿ ಗುಡುಗಿನ ಎಡಗೈ ತಪ್ಪಿತು. ಮೂವರೂ ಅವನನ್ನು ಅಲ್ಲೇ ಬಿಟ್ಟು ಮುಂದೆ ಹೋದರು. ಮುಂದಿನ ಸಾಲಿನಲ್ಲಿ ನಿಂತಿದ್ದ ತರುಣನೊಬ್ಬ, "ತಾತಾ, ತಾಳ ಎಲ್ಲಿ ಬಿಟ್ರಿ?" ಎಂದು ಕೂಗಿದ. ಗುಡುಗು ಬಾರಿಸುತ್ತಲೇ ಅವನ ಕಡೆಗೆ ಕೋಲು ತೋರಿಸಿ ಹಲ್ಲು ಕಿರಿದ. ಇಡೀ ಸಂಜೆಯಲ್ಲಿ ಅವನಿಗೆ ಅತ್ಯಂತ ಸಂತೋಷ ಕೊಟ್ಟ ಮಾತು ಅದು.

ಒಂಬತ್ತನೆಯ ಹಾಡು ಮುಗಿದಾಗ ಅವನು ಕೋಲುಗಳನ್ನು ಡ್ರಮ್ಮಿನ ಮೇಲೆ ಇಟ್ಟ. "ಕೈ ಮುಗೀತು," ಎಂದ.

ಒಂದೂವರೆ ಗಂಟೆಯ ಕಾರ್ಯಕ್ರಮ ಐವತ್ತೈದು ನಿಮಿಷಕ್ಕೆ ಬಂದು ನಿಂತಿತ್ತು. ವೇದಿಕೆಯ ಪಕ್ಕದಿಂದ ಸಭಾಂಗಣದ ಮ್ಯಾನೇಜರ್ ಗಡಿಯಾರ ತೋರಿಸುತ್ತ ಎರಡೂ ಕೈ ಆಡಿಸುತ್ತಿದ್ದ. ಸೈರನ್ ಮೈಕಿಗೆ ಬಾಯಿ ಹಚ್ಚಿ, "ಡ್ರಮ್ಸಿನವನ ಕೈ ಮುಗಿದಿದೆ. ನಿಜ ಹೇಳ್ಬೇಕು ಅಂದ್ರೆ ನನ್ನ ಉಸಿರೂ ಮುಗಿದಿದೆ. ಮನೆಗೆ ಹೋಗಿ," ಎಂದ. ಜನ ಹೋಗಲಿಲ್ಲ. ಕೂಗಿದರು, ಕಾಲು ನೆಲಕ್ಕೆ ಬಡಿದರು, ಕೆಲವರು ಬೈದರು. ಯಾರೂ ಪಾಪ ಎನ್ನಲಿಲ್ಲ. ನಾಲ್ವರೂ ವಾದ್ಯಗಳನ್ನು ಅಲ್ಲೇ ಬಿಟ್ಟು, ಮೆಟ್ಟಿಲಿನ ಕಟಕಟೆ ಹಿಡಿದು, ಒಬ್ಬರ ಹಿಂದೆ ಒಬ್ಬರು ಇಳಿದರು.

ಮ್ಯಾನೇಜರ್ ಅವತ್ತು ಅವರ ಮೇಲೆ ಕೂಗಾಡಿದ. ಮಂಗಳವಾರ ಫೋನ್ ಮಾಡಿ ಮುಂದಿನ ತಿಂಗಳಿಗೆ ಮತ್ತೆ ಅವರನ್ನೇ ಗೊತ್ತುಮಾಡಿದ. ಹೊಸ ಪೋಸ್ಟರಿನಲ್ಲಿ ಕಾರ್ಯಕ್ರಮದ ಅವಧಿ ಐವತ್ತು ನಿಮಿಷ ಎಂದು ಅಚ್ಚಾಯಿತು.